ಕಣದಲ್ಲಿ ಅಭ್ಯರ್ಥಿ, ಕಟಕಟೆಯಲ್ಲಿ ಪ್ರಕರಣ: ಕಾನೂನು ಏನು ಹೇಳುತ್ತದೆ?

ಹೊಸಪೇಟೆ, ಸಂಡೂರು ಕಡೆಯ ಕಬ್ಬಿಣದ ಅದಿರನ್ನು ಹೊತ್ತ ಲಾರಿಗಳು ಹುಬ್ಬಳ್ಳಿ ಬಳಸಿ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾ ಸಮೀಪದ ಬೇಲೆಕೇರಿ ಬಂದರು ಸೇರುತ್ತಿದ್ದ ಕಾಲವೊಂದಿತ್ತು. ಹೆದ್ದಾರಿಯ ಅಂಚಿನ ಮರಗಳ ಎಲೆಯೂ ಕೆಂಪಾಗಿದ್ದ ಆ ದಿನಗಳನ್ನು ಯಲ್ಲಾಪುರದವರು ಮರೆತಿಲ್ಲ. 2010ರ ಮಾರ್ಚ್‌ನಲ್ಲಿ ಬೇಲೆಕೇರಿಯಲ್ಲಿ ಅರಣ್ಯ ಇಲಾಖೆ ಮತ್ತು ಲೋಕಾಯುಕ್ತ ಅಧಿಕಾರಿಗಳು ಲಕ್ಷಾಂತರ ಟನ್ ಅದಿರನ್ನು ಜಪ್ತಿ ಮಾಡಿದರು. ಜಪ್ತಾದ ಅದಿರು ಬಂದರಿನಲ್ಲಿಯೇ ಇರಬೇಕಿತ್ತು. ಅದರ ಬಹುಪಾಲು ಹಡಗೇರಿ ಹೋಯಿತು. ಪ್ರಕರಣ ಬಯಲಿಗೆಳೆದ ಕಾರವಾರದ ಉಪ ಅರಣ್ಯ ಸಂರಕ್ಷಣಾಧಿಕಾರಿ ಆರ್. ಗೋಕುಲ್ ಅವರನ್ನು ಅಮಾನತುಗೊಳಿಸುವ ಯತ್ನ ನಡೆದಾಗ, ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅದೇ ವರ್ಷದ ಜೂನ್‌ನಲ್ಲಿ ರಾಜೀನಾಮೆಯನ್ನೇ ನೀಡಿ, ಬಳಿಕ ಹಿಂಪಡೆದರು.

ಈ ಪ್ರಕರಣದ ತೀರ್ಪು ಹೊರಬಿದ್ದದ್ದು 2024ರ ಅಕ್ಟೋಬರ್ 24ರಂದು. ನಡುವೆ ಹದಿನಾಲ್ಕು ವರ್ಷ ಏಳು ತಿಂಗಳು ಕಳೆದಿದ್ದವು. ಅದೇ ಅವಧಿಯಲ್ಲಿ ರಾಜ್ಯ ವಿಧಾನಸಭೆಗೆ 2013, 2018 ಮತ್ತು 2023ರಲ್ಲಿ, ಲೋಕಸಭೆಗೆ 2014, 2019 ಮತ್ತು 2024ರಲ್ಲಿ ಚುನಾವಣೆಗಳು ಬಂದು ಹೋದವು. ಪ್ರಕರಣದ ಪ್ರಮುಖ ಆರೋಪಿಗಳಲ್ಲಿ ಒಬ್ಬರಾದ ಸತೀಶ್ ಸೈಲ್ ಮೂರೂ ವಿಧಾನಸಭಾ ಚುನಾವಣೆಗಳಲ್ಲಿ ಕಾರವಾರದಿಂದ ಸ್ಪರ್ಧಿಸಿದರು. 2013ರ ಮೇ ತಿಂಗಳಲ್ಲಿ ಅವರು ಪಕ್ಷೇತರರಾಗಿ ಗೆದ್ದಾಗ, ಸುಪ್ರೀಂ ಕೋರ್ಟ್ ಆದೇಶದಂತೆ ಹಿಂದಿನ ವರ್ಷವೇ ಆರಂಭವಾಗಿದ್ದ ಸಿಬಿಐ ತನಿಖೆ ನಡೆಯುತ್ತಿತ್ತು. ಗೆದ್ದ ಕೆಲವೇ ತಿಂಗಳಲ್ಲಿ, ಸೆಪ್ಟೆಂಬರ್‌ನಲ್ಲಿ, ಸಿಬಿಐ ಅವರನ್ನು ಬಂಧಿಸಿತು. 2018ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಬಿಜೆಪಿಯ ರೂಪಾಲಿ ನಾಯ್ಕ ಅವರೆದುರು ಸೋತರು. 2023ರಲ್ಲಿ ಅವರನ್ನೇ ಸುಮಾರು ಎರಡು ಸಾವಿರ ಮತಗಳ ಅಲ್ಪ ಅಂತರದಲ್ಲಿ ಸೋಲಿಸಿ ಮರಳಿ ಶಾಸಕರಾದರು. ಇದಾಗಿ ಒಂದೂವರೆ ವರ್ಷಕ್ಕೆ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಅವರನ್ನೂ ಇತರರನ್ನೂ ದೋಷಿಗಳೆಂದು ಘೋಷಿಸಿ, ಏಳು ವರ್ಷಗಳ ಶಿಕ್ಷೆ ಮತ್ತು ಕೋಟಿಗಟ್ಟಲೆ ದಂಡ ವಿಧಿಸಿತು. ನವೆಂಬರ್‌ನಲ್ಲಿ ಹೈಕೋರ್ಟ್ ಮೇಲ್ಮನವಿಗೊಳಪಟ್ಟು ಶಿಕ್ಷೆಯನ್ನು ಅಮಾನತಿನಲ್ಲಿರಿಸಿತು. 2025ರಲ್ಲೂ ಅವರು ಶಾಸಕರಾಗಿಯೇ ಇದ್ದರು.

ಅಭ್ಯರ್ಥಿಯೊಬ್ಬರ ಮೇಲೆ ಕ್ರಿಮಿನಲ್ ಪ್ರಕರಣವಿದ್ದಾಗ ಪ್ರಚಾರದ ವೇಳೆ ಏಳುವ ವಾದ ಸಾಮಾನ್ಯವಾಗಿ ಒಂದೇ ಧಾಟಿಯದು. ‘ಚುನಾವಣೆ ಬಂತೆಂದೇ ಪ್ರಕರಣ ಕೆದಕಿದ್ದಾರೆ, ಇದು ರಾಜಕೀಯ ದ್ವೇಷ’ ಎಂದು ಒಂದು ಕಡೆಯವರು. ‘ಕಾನೂನಿನ ಮುಂದೆ ಎಲ್ಲರೂ ಸಮಾನರು, ಚುನಾವಣೆಯ ನೆಪದಲ್ಲಿ ತಪ್ಪಿಸಿಕೊಳ್ಳಲು ಬಿಡಬಾರದು’ ಎಂದು ಇನ್ನೊಂದು ಕಡೆಯವರು. ಮುಂದಿನ ಚುನಾವಣೆಯ ಹೊತ್ತಿಗೆ ಅಧಿಕಾರ ಬದಲಾಗಿದ್ದರೆ ಇದೇ ಮಾತುಗಳನ್ನು ಪಕ್ಷಗಳು ಪರಸ್ಪರ ಅದಲುಬದಲು ಮಾಡಿಕೊಳ್ಳುವುದೂ ಉಂಟು. ಪ್ರಕರಣ ಚುನಾವಣೆಗೆ ಮೊದಲು ಏಕೆ ಆರಂಭವಾಯಿತು ಎಂಬುದರ ಮೇಲೆಯೇ ಇಡೀ ಚರ್ಚೆ ನಡೆಯುತ್ತದೆ. ಚುನಾವಣೆಗೆ ಮೊದಲು ಅದು ಏಕೆ ಮುಗಿಯಲಿಲ್ಲ ಎಂದು ಕೇಳುವವರು ಅಪರೂಪ. ಬೇಲೆಕೇರಿಯ ಲೆಕ್ಕ ನೋಡಿದರೆ, ಕೇಳಬೇಕಾದ ಪ್ರಶ್ನೆ ಎರಡನೆಯದು.

ಸ್ಪರ್ಧೆಗೆ ಅಡ್ಡಿ ಯಾವಾಗ?

ಮೊದಲಿಗೆ ಕಾನೂನಿನ ಸ್ಥಿತಿ ತಿಳಿಯುವುದು ಒಳ್ಳೆಯದು. ಪೊಲೀಸರು ಎಫ್‌ಐಆರ್ ದಾಖಲಿಸುತ್ತಾರೆ. ತನಿಖೆ ಮುಗಿದ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸುತ್ತಾರೆ. ಮೇಲ್ನೋಟಕ್ಕೆ ಹುರುಳಿದೆ ಎನಿಸಿದರೆ ನ್ಯಾಯಾಲಯ ಆರೋಪ ನಿಗದಿಪಡಿಸುತ್ತದೆ. ಸಾಕ್ಷಿ ವಿಚಾರಣೆ ನಡೆದು ತೀರ್ಪು ಬರುತ್ತದೆ. ಇವುಗಳಲ್ಲಿ ಕೊನೆಯ ಹಂತ, ಅಂದರೆ ದೋಷಿ ಎಂಬ ತೀರ್ಪು, ಬರುವ ತನಕ ಯಾವ ಹಂತವೂ ಚುನಾವಣೆಗೆ ನಿಲ್ಲುವುದಕ್ಕೆ ಅಡ್ಡಿಯಾಗುವುದಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಕಲಮಿನ ಪ್ರಕಾರ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಅವಧಿಯ ಜೈಲು ಶಿಕ್ಷೆಯಾದರೆ ತೀರ್ಪಿನ ದಿನದಿಂದಲೇ ಅನರ್ಹತೆ. ಬಿಡುಗಡೆಯಾದ ಮೇಲೂ ಆರು ವರ್ಷ ಅದು ಮುಂದುವರಿಯುತ್ತದೆ. ಸಮುದಾಯಗಳ ನಡುವೆ ದ್ವೇಷ ಬಿತ್ತುವುದು, ಭ್ರಷ್ಟಾಚಾರ, ಚುನಾವಣಾ ಲಂಚ ಮುಂತಾದ ಕೆಲವು ಅಪರಾಧಗಳಲ್ಲಿ ದಂಡ ಮಾತ್ರ ವಿಧಿಸಿದರೂ ಅನರ್ಹತೆ ತಪ್ಪದು.

ಹಿಂದೆ ಹಾಲಿ ಶಾಸಕ, ಸಂಸದರಿಗೆ ಒಂದು ರಿಯಾಯಿತಿ ಇತ್ತು. ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಿದರೆ ಅದು ಇತ್ಯರ್ಥವಾಗುವವರೆಗೆ ಸ್ಥಾನ ಉಳಿಯುತ್ತಿತ್ತು. 2013ರ ಜುಲೈ 10ರಂದು ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಈಗ ಶಿಕ್ಷೆ ಅಮಾನತಾಗುವುದಷ್ಟೇ ಸ್ಥಾನ ಉಳಿಸಿಕೊಳ್ಳಲು ಸಾಲದು. ದೋಷಿ ಎಂಬ ನಿರ್ಣಯಕ್ಕೇ ಮೇಲಿನ ನ್ಯಾಯಾಲಯದಿಂದ ತಡೆ ಸಿಗಬೇಕು. ಸುದ್ದಿಗಳಲ್ಲಿ ಇವೆರಡನ್ನೂ ‘ತಡೆಯಾಜ್ಞೆ’ ಎಂದೇ ಕರೆದುಬಿಡುವುದರಿಂದ ಓದುಗರಿಗೆ ಗೊಂದಲವಾಗುವುದು ಸಹಜ.

ಯಲ್ಲಾಪುರ ಕ್ಷೇತ್ರದ ಮತದಾರರಿಗೆ ‘ಅನರ್ಹತೆ’ ಎಂಬ ಪದ ಹೊಸದೇನಲ್ಲ. 2019ರ ಜುಲೈನಲ್ಲಿ ಅಂದಿನ ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ ಅನರ್ಹಗೊಳಿಸಿದ ಹದಿನೇಳು ಶಾಸಕರಲ್ಲಿ ಶಿವರಾಮ ಹೆಬ್ಬಾರರೂ ಇದ್ದರು. ಆದರೆ ಅದು ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿಯಡಿಯ ಅನರ್ಹತೆ. ಅಪರಾಧಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮರುಸ್ಪರ್ಧೆಗೆ ಅವಕಾಶ ನೀಡಿತು, ಡಿಸೆಂಬರ್‌ನ ಉಪಚುನಾವಣೆಯಲ್ಲಿ ಹೆಬ್ಬಾರರು ಗೆದ್ದರು. 8ನೇ ಕಲಮಿನ ಅನರ್ಹತೆಗೆ ಇಂಥ ಸುಲಭದ ಮರುದಾರಿಯಿಲ್ಲ.

ಅದು ಎಷ್ಟು ಬಿಗಿ ಎಂಬುದಕ್ಕೆ ಕರ್ನಾಟಕದ ನೆಲದಲ್ಲೇ ಆರಂಭವಾದ ಪ್ರಕರಣವೊಂದಿದೆ. 2019ರ ಏಪ್ರಿಲ್ 13ರಂದು ಕೋಲಾರದ ಪ್ರಚಾರ ಸಭೆಯಲ್ಲಿ ರಾಹುಲ್ ಗಾಂಧಿ ಮೋದಿ ಉಪನಾಮದ ಕುರಿತು ಆಡಿದ ಮಾತಿಗೆ ಗುಜರಾತಿನ ಸೂರತ್‌ನಲ್ಲಿ ಮಾನಹಾನಿ ಮೊಕದ್ದಮೆ ಹೂಡಲಾಯಿತು. 2023ರ ಮಾರ್ಚ್ 23ರಂದು ಎರಡು ವರ್ಷ ಶಿಕ್ಷೆಯಾಯಿತು. ಮರುದಿನವೇ ಲೋಕಸಭಾ ಸದಸ್ಯತ್ವ ಹೋಯಿತು. ಮಾನಹಾನಿಗೆ ಗರಿಷ್ಠ ಶಿಕ್ಷೆಯೇ ಎರಡು ವರ್ಷ. ಒಂದು ದಿನ ಕಡಿಮೆಯಾಗಿದ್ದರೂ ಅನರ್ಹತೆ ಬರುತ್ತಿರಲಿಲ್ಲ, ಗರಿಷ್ಠ ಶಿಕ್ಷೆಗೆ ಕಾರಣವನ್ನೂ ಕೊಟ್ಟಿಲ್ಲ ಎಂದ ಸುಪ್ರೀಂ ಕೋರ್ಟ್, ಆಗಸ್ಟ್ 4ರಂದು ದೋಷನಿರ್ಣಯಕ್ಕೆ ತಡೆ ನೀಡಿತು. ಸದಸ್ಯತ್ವ ಮರಳಿತು. ಬಂದರಿನಿಂದ ಅದಿರು ಕಾಣೆಯಾದ ಪ್ರಕರಣಕ್ಕೆ ಹದಿನಾಲ್ಕು ವರ್ಷ, ಭಾಷಣದ ಪ್ರಕರಣಕ್ಕೆ ನಾಲ್ಕು ವರ್ಷ: ನ್ಯಾಯದಾನದ ವೇಗಕ್ಕೂ ಅಪರಾಧದ ಗಾತ್ರಕ್ಕೂ ತಾಳೆಯೇ ಇಲ್ಲ.

ಪ್ರಚಾರದ ವೇಳೆ ಬಂಧಿಸಬಹುದೇ?

ಬಂಧಿಸಬಹುದು. ಅಭ್ಯರ್ಥಿ ಎಂಬ ಕಾರಣಕ್ಕೆ ಕ್ರಿಮಿನಲ್ ಪ್ರಕರಣದಲ್ಲಿ ಯಾವ ರಕ್ಷಣೆಯೂ ಇಲ್ಲ. ಶಾಸಕ, ಸಂಸದರಿಗೂ ಅಧಿವೇಶನದ ಆಸುಪಾಸಿನಲ್ಲಿ ಸಿಗುವ ಬಂಧನ ವಿನಾಯಿತಿ ಸಿವಿಲ್ ವ್ಯಾಜ್ಯಗಳಿಗೆ ಸೀಮಿತ. ಸಂವಿಧಾನದ 329ನೇ ವಿಧಿ ಚುನಾವಣಾ ಪ್ರಕ್ರಿಯೆಯಲ್ಲಿ ನ್ಯಾಯಾಲಯಗಳು ಮಧ್ಯಪ್ರವೇಶಿಸದಂತೆ ತಡೆಯುತ್ತದೆಯೇ ಹೊರತು, ಅಭ್ಯರ್ಥಿಯ ಮೇಲಿನ ಮೊಕದ್ದಮೆಯನ್ನು ನಿಲ್ಲಿಸುವುದಿಲ್ಲ. ಹೀಗೆ ಚುನಾವಣೆಯೂ ವಿಚಾರಣೆಯೂ ಸಮಾನಾಂತರ ಹಳಿಗಳ ಮೇಲೆ ಓಡುತ್ತವೆ.

ಜೈಲಿನಲ್ಲಿರುವವರು ಮತ ಹಾಕುವಂತಿಲ್ಲ, ಆದರೆ ಮತ ಕೇಳಬಹುದು! 2013ರಲ್ಲಿ ಸುಪ್ರೀಂ ಕೋರ್ಟ್ ಇದು ಸಲ್ಲದು ಎಂದಿತ್ತು. ಸಂಸತ್ತು ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು ಸ್ಪರ್ಧೆಯ ಹಕ್ಕನ್ನು ಉಳಿಸಿತು. ಯಾರನ್ನಾದರೂ ನಾಮಪತ್ರದ ಮುನ್ನಾದಿನ ಹಿಡಿದು ಕೂರಿಸಿ ಕಣದಿಂದ ಹೊರಗಿಡುವ ಅಪಾಯ ಇಲ್ಲದಿಲ್ಲವಾದ್ದರಿಂದ, ವಿಚಿತ್ರವೆನಿಸಿದರೂ ಈ ತಿದ್ದುಪಡಿಗೆ ಅರ್ಥವಿದೆ. ಮಂಗಳೂರು ಮೂಲದ ಜಾರ್ಜ್ ಫರ್ನಾಂಡಿಸ್ 1977ರಲ್ಲಿ ಬರೋಡಾ ಡೈನಮೈಟ್ ಪ್ರಕರಣದ ಆರೋಪಿಯಾಗಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ಲೋಕಸಭೆಗೆ ಆಯ್ಕೆಯಾದರು. 2024ರಲ್ಲಿ ತಿಹಾರ್ ಜೈಲಿನಲ್ಲಿದ್ದ ಎಂಜಿನಿಯರ್ ರಶೀದ್ ಕಾಶ್ಮೀರದ ಬಾರಾಮುಲ್ಲಾದಲ್ಲಿ ಒಮರ್ ಅಬ್ದುಲ್ಲಾ ಅವರನ್ನು ಸೋಲಿಸಿದರು.

ಯಲ್ಲಾಪುರದ ನೆರೆಯ ಧಾರವಾಡ ಜಿಲ್ಲೆಯಲ್ಲಿ 2023ರಲ್ಲಿ ನಡೆದದ್ದು ಇನ್ನೂ ಕುತೂಹಲಕರ. ಜಿಲ್ಲಾ ಪಂಚಾಯಿತಿ ಸದಸ್ಯರೊಬ್ಬರ 2016ರ ಕೊಲೆ ಪ್ರಕರಣದಲ್ಲಿ ಆರೋಪಿಯಾದ ಮಾಜಿ ಸಚಿವ ವಿನಯ್ ಕುಲಕರ್ಣಿ ಅವರನ್ನು ಸಿಬಿಐ 2020ರ ನವೆಂಬರ್‌ನಲ್ಲಿ ಬಂಧಿಸಿತ್ತು. 2021ರಲ್ಲಿ ಸುಪ್ರೀಂ ಕೋರ್ಟ್ ಜಾಮೀನು ನೀಡಿದಾಗ ಧಾರವಾಡ ಜಿಲ್ಲೆಗೆ ಕಾಲಿಡಬಾರದೆಂದು ಷರತ್ತು ವಿಧಿಸಿತು. ಸಾಕ್ಷಿಗಳ ಮೇಲೆ ಪ್ರಭಾವ ಬೀರಬಾರದೆಂಬುದು ಇಂಥ ಷರತ್ತಿನ ಉದ್ದೇಶ. ಚುನಾವಣೆ ಬಂದಾಗ ಕಾಂಗ್ರೆಸ್ ಅವರಿಗೇ ಟಿಕೆಟ್ ನೀಡಿತು. ಅಭ್ಯರ್ಥಿ ಜಿಲ್ಲೆಯ ಹೊರಗೆ, ಪತ್ನಿ ಮನೆಮನೆ ಪ್ರಚಾರದಲ್ಲಿ. ಕ್ಷೇತ್ರ ಪ್ರವೇಶಿಸದೆಯೇ ಅವರು ಗೆದ್ದರು. ಸಾಕ್ಷಿಗಳನ್ನು ಸಂಪರ್ಕಿಸಲು ಯತ್ನ ನಡೆದಿರುವುದಕ್ಕೆ ದಾಖಲೆಗಳಿವೆ ಎಂದು 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆ ಜಾಮೀನನ್ನು ರದ್ದುಪಡಿಸಿತು. ಕ್ಷೇತ್ರದ ಜನರನ್ನು ನೋಡುವಂತಿಲ್ಲದ ಅಭ್ಯರ್ಥಿಗೆ ಪ್ರಚಾರದಲ್ಲಿ ಅನ್ಯಾಯವಾಯಿತೇ ಅಥವಾ ಏಳು ವರ್ಷ ಕಳೆದರೂ ತೀರ್ಪು ಸಿಗದ ಮೃತರ ಕುಟುಂಬಕ್ಕೋ? ಚುನಾವಣಾ ಭಾಷಣಗಳಲ್ಲಿ ಎರಡನೆಯದು ಮೊದಲನೆಯದರಷ್ಟು ಕೇಳಿಸಲಿಲ್ಲ.

ಬಂಧನದ ಸಮಯದ ಪ್ರಶ್ನೆ ಸುಪ್ರೀಂ ಕೋರ್ಟ್ ಮುಂದೆ ನೇರವಾಗಿ ಬಂದದ್ದು 2024ರಲ್ಲಿ. ಲೋಕಸಭಾ ಚುನಾವಣೆಯ ವೇಳಾಪಟ್ಟಿ ಪ್ರಕಟವಾದ ಐದೇ ದಿನಕ್ಕೆ, ಮಾರ್ಚ್ 21ರಂದು, ದೆಹಲಿಯ ಅಂದಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಅವರನ್ನು ಜಾರಿ ನಿರ್ದೇಶನಾಲಯ ಬಂಧಿಸಿತು. ಅವರು ಅಭ್ಯರ್ಥಿಯಾಗಿರಲಿಲ್ಲ, ಪಕ್ಷದ ಮುಖ್ಯ ಪ್ರಚಾರಕರಾಗಿದ್ದರು. ಪ್ರಕರಣ 2022ರ ಆಗಸ್ಟ್‌ನಿಂದಲೇ ಇತ್ತೆಂಬುದನ್ನು ಗುರುತಿಸಿದ ನ್ಯಾಯಾಲಯ, ಮೇ 10ರಂದು ಜೂನ್ 1ರವರೆಗೆ ಮಧ್ಯಂತರ ಜಾಮೀನು ನೀಡಿತು. ಪ್ರಚಾರಕ್ಕಾಗಿ ಜಾಮೀನು ಹಕ್ಕೆಂದು ಅದು ಹೇಳಲಿಲ್ಲ. ಆದರೆ ಚುನಾವಣೆಯೆಂಬ ಸಂದರ್ಭವನ್ನು ಪೂರ್ತಿ ಕಡೆಗಣಿಸಲೂ ಇಲ್ಲ. ಚುನಾವಣಾ ಆಯೋಗ ಮಾತ್ರ, ನ್ಯಾಯಾಂಗ ಪ್ರಕ್ರಿಯೆಯನ್ನು ಮೀರುವ ಹೆಜ್ಜೆ ಇಡುವುದು ತನಗೆ ಸರಿಯೆನಿಸದು ಎಂದು ಹೇಳಿ ದೂರ ಉಳಿಯಿತು.

ಚಿಕ್ಕಮಗಳೂರಿನ ಪಾಠ

ಈ ವಾದ ನಿನ್ನೆ ಮೊನ್ನೆಯದಲ್ಲ. ಮಲೆನಾಡು ಇದರ ಅತಿ ದೊಡ್ಡ ಪ್ರದರ್ಶನವನ್ನು 1978ರಲ್ಲೇ ಕಂಡಿದೆ. ತುರ್ತು ಪರಿಸ್ಥಿತಿಯ ಬಳಿಕ 1977ರಲ್ಲಿ ಸೋತಿದ್ದ ಇಂದಿರಾ ಗಾಂಧಿಯವರನ್ನು ಜನತಾ ಸರ್ಕಾರ ಅದೇ ವರ್ಷದ ಅಕ್ಟೋಬರ್ 3ರಂದು ಬಂಧಿಸಿತು. ಮರುದಿನ ಮ್ಯಾಜಿಸ್ಟ್ರೇಟರು, ಬಂಧನಕ್ಕೆ ಸೂಕ್ತ ಆಧಾರವಿಲ್ಲವೆಂದು ಬಿಡುಗಡೆ ಮಾಡಿದರು. ಅರೆಬರೆ ಸಿದ್ಧತೆಯ ಆ ಬಂಧನ ಅವರನ್ನು ಕುಗ್ಗಿಸುವ ಬದಲು ಮತ್ತೆ ಜನರ ನಡುವೆ ನಿಲ್ಲಿಸಿತು. ಶಾ ಆಯೋಗದ ವರದಿಗಳು ಬಂದವು. ತುರ್ತು ಪರಿಸ್ಥಿತಿಯ ಅಪರಾಧಗಳಿಗೆ ವಿಶೇಷ ನ್ಯಾಯಾಲಯ ಬೇಕೆಂಬ ಚರ್ಚೆ ನಡೆದಿತ್ತು. ಆ ಹೊತ್ತಿನಲ್ಲೇ ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ ಇಂದಿರಾ ಕಣಕ್ಕಿಳಿದರು.

ಜನತಾ ಪಕ್ಷದ ಅಭ್ಯರ್ಥಿ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಅವರ ಪರ ಬಂದು ಬೀಡುಬಿಟ್ಟವರಲ್ಲಿ ಜಾರ್ಜ್ ಫರ್ನಾಂಡಿಸ್ ಪ್ರಮುಖರು. ಎರಡು ವರ್ಷಗಳ ಹಿಂದೆ ಆರೋಪಿಯಾಗಿದ್ದವರು ಈಗ ಕೇಂದ್ರ ಸಚಿವರು; ಅವರ ಮೇಲಿನ ಡೈನಮೈಟ್ ಪ್ರಕರಣವನ್ನು ಹೊಸ ಸರ್ಕಾರ ಹಿಂಪಡೆದಿತ್ತು. ಎರಡು ವರ್ಷಗಳ ಹಿಂದೆ ಪ್ರಧಾನಿಯಾಗಿದ್ದವರು ಈಗ ಆರೋಪಗಳ ಹೊರೆ ಹೊತ್ತ ಅಭ್ಯರ್ಥಿ. ತುರ್ತು ಪರಿಸ್ಥಿತಿಯ ಪಟ್ಟಿಯನ್ನು ಒಂದು ಕಡೆಯವರು ಓದಿದರೆ, ಒಬ್ಬ ಹೆಣ್ಣುಮಗಳನ್ನು ಇಡೀ ಸರ್ಕಾರ ಬೆನ್ನಟ್ಟಿದೆ ಎಂದು ಇನ್ನೊಂದು ಕಡೆಯವರು ಹೇಳಿದರು. ನವೆಂಬರ್ 5ರಂದು ಮತದಾನ. ಇಂದಿರಾ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಮುಂದಿನದು ಗಮನಾರ್ಹ. ವಿಶೇಷ ನ್ಯಾಯಾಲಯಗಳ ಮಸೂದೆ ಕುರಿತ ಸುಪ್ರೀಂ ಕೋರ್ಟ್ ಅಭಿಪ್ರಾಯ ಬಂದದ್ದು ಡಿಸೆಂಬರ್ 1ರಂದು. ಕಾಯ್ದೆಯಾದದ್ದು 1979ರ ಮೇ ತಿಂಗಳಲ್ಲಿ. ಅಷ್ಟರೊಳಗೆ ಮತದಾರರ ಮಾತು ಮುಗಿದಿತ್ತು. 1978ರ ಡಿಸೆಂಬರ್ 19ರಂದು ಲೋಕಸಭೆ ಹಕ್ಕುಚ್ಯುತಿಯ ಕಾರಣ ನೀಡಿ ಇಂದಿರಾರನ್ನು ಹೊರಹಾಕಿ ಜೈಲಿಗಟ್ಟಿತು. ಅಧಿವೇಶನ ಮುಗಿಯುತ್ತಲೇ ಒಂದು ವಾರದಲ್ಲಿ ಹೊರಬಂದರು. 1980ರ ಜನವರಿಯಲ್ಲಿ ಮತ್ತೆ ಪ್ರಧಾನಿಯಾದರು, ಮೊಕದ್ದಮೆಗಳು ಒಂದೊಂದಾಗಿ ಬಿದ್ದುಹೋದವು. ಆರೋಪಗಳು ನಿಜವೇ ಸುಳ್ಳೇ ಎಂಬುದನ್ನು ಯಾವ ನ್ಯಾಯಾಲಯವೂ ಕೊನೆಮುಟ್ಟಿಸಿ ಹೇಳಲಿಲ್ಲ. ಜನ ಗೆಲ್ಲಿಸಿದ್ದರಿಂದ ಆರೋಪ ತೊಳೆದುಹೋಯಿತೆಂದು ಭಾವಿಸಲಾಯಿತು. ‘ಜನತಾ ನ್ಯಾಯಾಲಯದಲ್ಲಿ ಗೆದ್ದಿದ್ದೇನೆ’ ಎಂಬ ಮಾತು ಇಂದಿಗೂ ಪಕ್ಷಭೇದವಿಲ್ಲದೆ ಕೇಳಿಬರುತ್ತದೆ. ಸಾಕ್ಷಿಯನ್ನೂ ಕಾಣದ, ಪಾಟೀಸವಾಲನ್ನೂ ಕೇಳದ ಮತದಾರ ನ್ಯಾಯಾಧೀಶನಾಗುವುದು ಹೇಗೆ ಎಂದು ಮಾತ್ರ ಯಾರೂ ವಿವರಿಸುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಪ್ರಸಂಗವೊಂದು ಸಿದ್ದಾಪುರದವರಿಗೆ ನೆನಪಿರಬಹುದು. ತಾಲ್ಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ, 1986ರ ಫೆಬ್ರುವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆ ವಿಷಯದಲ್ಲಿ ಹೈಕೋರ್ಟ್ ಮಾಡಿದ ಟೀಕೆಯನ್ನು ಕಾರಣವಾಗಿಸಿ ರಾಜೀನಾಮೆ ಕೊಟ್ಟರು. ಎಫ್‌ಐಆರ್ ಇರಲಿಲ್ಲ, ದೋಷಾರೋಪ ಪಟ್ಟಿಯೂ ಇರಲಿಲ್ಲ. ಮೂರೇ ದಿನದಲ್ಲಿ ರಾಜೀನಾಮೆ ಹಿಂಪಡೆದರೆಂಬುದೂ ದಾಖಲೆಯಲ್ಲಿದೆ ಎನ್ನಿ.

ಅಮೆರಿಕದ ಉದಾಹರಣೆ

ಇದು ಭಾರತಕ್ಕಷ್ಟೇ ಬಂದ ತೊಡಕಲ್ಲ. ಅಮೆರಿಕದಲ್ಲಿ 2024ರ ಮೇ 30ರಂದು ನ್ಯೂಯಾರ್ಕ್‌ನ ಜ್ಯೂರಿ, ಅಧ್ಯಕ್ಷೀಯ ಅಭ್ಯರ್ಥಿ ಡೊನಾಲ್ಡ್ ಟ್ರಂಪ್ ಅವರನ್ನು ವ್ಯವಹಾರ ದಾಖಲೆ ತಿದ್ದಿದ 34 ಆರೋಪಗಳಲ್ಲಿ ದೋಷಿ ಎಂದಿತು. ಶಿಕ್ಷೆ ಪ್ರಕಟಿಸುವ ದಿನಾಂಕ ಜುಲೈನಿಂದ ಸೆಪ್ಟೆಂಬರ್‌ಗೆ, ಅಲ್ಲಿಂದ ಮತದಾನದ ನಂತರದ ನವೆಂಬರ್‌ಗೆ ಸರಿಯಿತು. ಚುನಾವಣೆಯ ಮೇಲೆ ಪ್ರಭಾವ ಬೀರಿದಂತೆ ಕಾಣಬಾರದೆಂಬುದು ನ್ಯಾಯಾಧೀಶ ಹುವಾನ್ ಮರ್ಚನ್ ಕೊಟ್ಟ ಕಾರಣ. ಟ್ರಂಪ್ ಗೆದ್ದರು, 2025ರ ಜನವರಿ 10ರಂದು ಜೈಲೂ ಇಲ್ಲದ ದಂಡವೂ ಇಲ್ಲದ ಬಿಡುಗಡೆಯ ಆದೇಶ ಹೊರಬಿತ್ತು. ಫೆಡರಲ್ ಸರ್ಕಾರ ಹೂಡಿದ್ದ ಎರಡು ಮೊಕದ್ದಮೆಗಳನ್ನೂ ಗೆಲುವಿನ ಬೆನ್ನಿಗೇ ಕೈಬಿಡಲಾಯಿತು. ಅಮೆರಿಕದ ಸಂವಿಧಾನದಲ್ಲಿ ದೋಷಿಗಳು ಅಧ್ಯಕ್ಷರಾಗಬಾರದೆಂಬ ನಿಯಮವಿಲ್ಲ. ಚುನಾವಣೆಗೆ 60 ದಿನಗಳಿರುವಾಗ ಅಭ್ಯರ್ಥಿಗಳ ವಿರುದ್ಧ ಹೊಸ ಕ್ರಮ ಬೇಡ ಎಂಬ ಅಲಿಖಿತ ರೂಢಿಯೊಂದು ಅಲ್ಲಿನ ನ್ಯಾಯಾಂಗ ಇಲಾಖೆಯಲ್ಲಿದೆ. ಭಾರತದಲ್ಲಿ ಅಂಥ ರೂಢಿ ತರಬೇಕೆಂಬ ಸಲಹೆಗಳಿವೆ. ಆದರೆ ಇಲ್ಲಿ ಪಂಚಾಯಿತಿಯಿಂದ ಲೋಕಸಭೆಯವರೆಗೆ ಒಂದಿಲ್ಲೊಂದು ಚುನಾವಣೆ ನಡೆಯುತ್ತಲೇ ಇರುವಾಗ, 60 ದಿನಗಳ ವಿರಾಮ ವರ್ಷಪೂರ್ತಿಯ ವಿರಾಮವಾಗುವ ಸಂಭವವೇ ಹೆಚ್ಚು.

ಭಾಷಣದ ಪ್ರಕರಣಗಳು ಮತ್ತು ಹಿಂಪಡೆಯುವ ಆಟ

ಉತ್ತರ ಕನ್ನಡದಲ್ಲಿ ಚುನಾವಣೆ ಹತ್ತಿರವಾದಂತೆ ಹೆಚ್ಚಾಗಿ ಕಾಣುವುದು ಭಾಷಣದ ಪ್ರಕರಣಗಳು. 2024ರ ಜನವರಿಯಲ್ಲಿ ಶಿರಸಿಯವರಾದ ಅಂದಿನ ಸಂಸದ ಅನಂತಕುಮಾರ ಹೆಗಡೆ ಕುಮಟಾದಲ್ಲಿ ಮಾಡಿದ ಭಾಷಣಕ್ಕಾಗಿ ಪೊಲೀಸರು ಸ್ವಯಂಪ್ರೇರಿತರಾಗಿ ಪ್ರಕರಣ ದಾಖಲಿಸಿದರು. ಲೋಕಸಭಾ ಚುನಾವಣೆಗೆ ನಾಲ್ಕು ತಿಂಗಳಷ್ಟೇ ಉಳಿದಿತ್ತು. ದ್ವೇಷ ಭಾಷಣಕ್ಕೆ ಕಾನೂನು ಕ್ರಮವೆಂದು ಕಾಂಗ್ರೆಸಿಗರೂ, ಬಾಯಿ ಕಟ್ಟುವ ಹುನ್ನಾರವೆಂದು ಬಿಜೆಪಿಯವರೂ ಹೇಳಿದರು. ಕೊನೆಗೆ ಬಿಜೆಪಿ ಟಿಕೆಟ್ ಅವರಿಗೆ ಸಿಗಲಿಲ್ಲ. ಶಿರಸಿಯವರೇ ಆದ ವಿಶ್ವೇಶ್ವರ ಹೆಗಡೆ ಕಾಗೇರಿ ಸ್ಪರ್ಧಿಸಿ ಗೆದ್ದರು.

ಇಂಥ ಪ್ರಕರಣಗಳ ಒಂದು ಸೂಕ್ಷ್ಮ ಹೆಚ್ಚಿನವರಿಗೆ ತಿಳಿದಿಲ್ಲ. ಸಮುದಾಯಗಳ ನಡುವೆ ದ್ವೇಷ ಹರಡಿದ ಆರೋಪದ ಎಫ್‌ಐಆರ್ ದಾಖಲಿಸಲು ಠಾಣಾಧಿಕಾರಿ ಸಾಕು. ಆದರೆ ನ್ಯಾಯಾಲಯ ಅದನ್ನು ವಿಚಾರಣೆಗೆ ಪರಿಗಣಿಸಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಹಳೆಯ ಭಾರತೀಯ ದಂಡ ಸಂಹಿತೆಯ 153ಎ ಕಲಮಿಗೆ ಈ ನಿಯಮವಿತ್ತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಗಳಲ್ಲೂ ಇದೆ. ಎಂದರೆ ಪ್ರಕರಣ ಹೂಡಿದ ದಿನ ಸುದ್ದಿಯಾಗುತ್ತದೆ, ಅದರ ಮುಂದಿನ ಗತಿ ಅಧಿಕಾರದಲ್ಲಿರುವವರ ಮರ್ಜಿಯ ಮೇಲೆ ನಿಲ್ಲುತ್ತದೆ. ಅನುಮತಿಯ ಕಡತ ಸರ್ಕಾರ ಬದಲಾಗುವವರೆಗೂ ಮೇಜಿನ ಮೇಲೆಯೇ ಇದ್ದರೆ, ಆ ಎಫ್‌ಐಆರ್ ಇಬ್ಬರಿಗೂ ಉಪಯುಕ್ತ. ಒಬ್ಬರಿಗೆ ಆರೋಪ ಮಾಡಲು, ಇನ್ನೊಬ್ಬರಿಗೆ ಹುತಾತ್ಮರಾಗಲು.

ಇನ್ನೊಂದು ದಾರಿ, ಪ್ರಕರಣವನ್ನೇ ಹಿಂಪಡೆಯುವುದು. 2020ರ ಆಗಸ್ಟ್‌ನಲ್ಲಿ ಅಂದಿನ ಬಿಜೆಪಿ ಸರ್ಕಾರ ಸಚಿವರು, ಶಾಸಕರೂ ಸೇರಿದ 61 ಪ್ರಕರಣಗಳನ್ನು ಹಿಂಪಡೆಯಲು ಆದೇಶಿಸಿತು; ಡಿಸೆಂಬರ್‌ನಲ್ಲಿ ಹೈಕೋರ್ಟ್ ತಡೆಯೊಡ್ಡಿತು. 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ ಹುಬ್ಬಳ್ಳಿ ಗಲಭೆಯದೂ ಸೇರಿ 43 ಪ್ರಕರಣಗಳ ವಾಪಸಾತಿಗೆ ಮುಂದಾಯಿತು; 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನೂ ರದ್ದುಪಡಿಸಿತು. ಸಂಖ್ಯೆ, ಪಕ್ಷ ಬೇರೆಯಾದರೂ ಕ್ರಮ ಒಂದೇ. ಹಾಲಿ ಅಥವಾ ಮಾಜಿ ಜನಪ್ರತಿನಿಧಿಗಳ ಮೇಲಿನ ಪ್ರಕರಣಗಳನ್ನು ಹೈಕೋರ್ಟ್ ಅನುಮತಿಯಿಲ್ಲದೆ ಹಿಂಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಆಗಸ್ಟ್ 10ರಂದು ಹೇಳಿದ್ದು ಇದೇ ಕಾರಣಕ್ಕೆ.

ಬೇಗ ಮುಗಿಸುವ ಯತ್ನಗಳು

ತೀರ್ಪನ್ನು ಚುನಾವಣೆಗೆ ಮೊದಲೇ ತರುವ ಯತ್ನ ನಡೆದಿಲ್ಲವೆಂದಲ್ಲ. ಹಾಲಿ ಶಾಸಕ, ಸಂಸದರ ಮೇಲಿನ ಗಂಭೀರ ಪ್ರಕರಣಗಳನ್ನು ಆರೋಪ ನಿಗದಿಯಾದ ಒಂದು ವರ್ಷದೊಳಗೆ ಮುಗಿಸಬೇಕೆಂದು ಸುಪ್ರೀಂ ಕೋರ್ಟ್ 2014ರ ಮಾರ್ಚ್‌ನಲ್ಲಿ ನಿರ್ದೇಶಿಸಿತು. 2017ರ ಕೊನೆಯಲ್ಲಿ ವಿಶೇಷ ನ್ಯಾಯಾಲಯಗಳಿಗೆ ಆದೇಶವಾಗಿ, ಕರ್ನಾಟಕದ್ದು 2018ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಕಾರವಾರದ ಬಂದರಿನ ಪ್ರಕರಣವೂ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಪ್ರಕರಣವೂ ತೀರ್ಪು ಕಂಡದ್ದು ಬೆಂಗಳೂರಿನಲ್ಲೇ. ಎರಡನೆಯದರ ವೇಗ ಗಮನಿಸಬೇಕು. 2024ರ ಏಪ್ರಿಲ್ 26ರಂದು ಹಾಸನದಲ್ಲಿ ಮತದಾನ ಮುಗಿದ ಎರಡು ದಿನಕ್ಕೆ ಮೊದಲ ಪ್ರಕರಣ ದಾಖಲಾಯಿತು. ಮೇ 31ರಂದು ಬಂಧನ. 2025ರ ಆಗಸ್ಟ್ 1ರಂದು ಅತ್ಯಾಚಾರ ಪ್ರಕರಣವೊಂದರಲ್ಲಿ ದೋಷಿ ಎಂಬ ತೀರ್ಪು, ಮರುದಿನ ಜೀವಾವಧಿ ಶಿಕ್ಷೆ. ಪ್ರತ್ಯೇಕ ತನಿಖಾ ತಂಡ, ದಿನನಿತ್ಯದ ವಿಚಾರಣೆ ಇದ್ದರೆ ಹದಿನೈದು ತಿಂಗಳಲ್ಲಿ ಕೆಳ ನ್ಯಾಯಾಲಯದ ತೀರ್ಪು ಸಾಧ್ಯ ಎಂಬುದು ಇದರಿಂದ ತಿಳಿಯುತ್ತದೆ.

ಕಾನೂನು ಆಯೋಗ 2014ರ ಫೆಬ್ರುವರಿಯಲ್ಲಿ ನೀಡಿದ 244ನೇ ವರದಿಯಲ್ಲಿ ಇನ್ನೊಂದು ಪರಿಹಾರ ಸೂಚಿಸಿತ್ತು. ಐದು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ನ್ಯಾಯಾಲಯ ಆರೋಪ ನಿಗದಿ ಮಾಡಿದರೆ ಸ್ಪರ್ಧೆಗೆ ಅನರ್ಹರಾಗಬೇಕು. ಆದರೆ ನಾಮಪತ್ರ ಪರಿಶೀಲನೆಗೆ ಹಿಂದಿನ ಒಂದು ವರ್ಷದೊಳಗೆ ನಿಗದಿಯಾದ ಆರೋಪಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ‘ಚುನಾವಣೆ ಬಂತೆಂದು ಪ್ರಕರಣ’ ಎಂಬ ದೂರಿಗೂ ‘ವರ್ಷಗಟ್ಟಲೆ ಎಳೆದರು’ ಎಂಬ ದೂರಿಗೂ ಒಟ್ಟಿಗೆ ಉತ್ತರಿಸಲು ಯತ್ನಿಸಿದ ಸಲಹೆ ಇದು. ಸಂಸತ್ತು ಇದನ್ನು ಕಾನೂನಾಗಿಸಲಿಲ್ಲ. ಅನರ್ಹತೆಗೆ ಹೊಸ ಕಾರಣ ಸೇರಿಸುವುದು ಸಂಸತ್ತಿನ ಕೆಲಸ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 25ರಂದು ಹೇಳಿ, ಮತದಾರರಿಗೆ ಮಾಹಿತಿ ನೀಡುವ ಕ್ರಮಗಳನ್ನಷ್ಟೇ ಬಿಗಿಗೊಳಿಸಿತು.

ಅದರಂತೆ ಪ್ರಕರಣವಿರುವ ಅಭ್ಯರ್ಥಿ ನಾಮಪತ್ರ ಹಿಂಪಡೆಯುವ ದಿನದಿಂದ ಪ್ರಚಾರ ಮುಗಿಯುವವರೆಗೆ ಮೂರು ಬಾರಿ ಪತ್ರಿಕೆ ಮತ್ತು ಟಿ.ವಿ.ಗಳಲ್ಲಿ ತನ್ನ ಮೇಲಿನ ಪ್ರಕರಣಗಳನ್ನು ಪ್ರಕಟಿಸಬೇಕು. ಅಂಥವರಿಗೆ ಟಿಕೆಟ್ ಏಕೆ, ಪ್ರಕರಣವಿಲ್ಲದವರು ಸಿಗಲಿಲ್ಲವೇ ಎಂಬುದಕ್ಕೆ ಪಕ್ಷವೂ ಕಾರಣ ನೀಡಬೇಕು. ‘ಗೆಲ್ಲುವ ಸಾಮರ್ಥ್ಯ’ ಎಂಬುದೊಂದೇ ಕಾರಣವಾಗಬಾರದೆಂದು 2020ರ ಫೆಬ್ರುವರಿಯಲ್ಲಿ ನ್ಯಾಯಾಲಯ ಸ್ಪಷ್ಟಪಡಿಸಿತು. ಒಳಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ, ಕಲಮುಗಳ ಸಂಖ್ಯೆ ಮಾತ್ರ ತುಂಬಿದ ಆ ಜಾಹೀರಾತುಗಳನ್ನು ಓದಿದ ಮತದಾರರೆಷ್ಟೋ!

ಅದಕ್ಕಿಂತ ಉಪಯುಕ್ತವಾದದ್ದು ನಾಮಪತ್ರದೊಡನೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರ. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ಬಂದ ಈ ದಾಖಲೆ ಚುನಾವಣಾಧಿಕಾರಿಯ ಸೂಚನಾ ಫಲಕದಲ್ಲೂ ಆಯೋಗದ ಜಾಲತಾಣದಲ್ಲೂ ಲಭ್ಯ. ಬಾಕಿ ಪ್ರಕರಣಗಳ ಭಾಗದಲ್ಲಿ ಎಫ್‌ಐಆರ್ ಸಂಖ್ಯೆ, ಠಾಣೆ, ನ್ಯಾಯಾಲಯ, ಕಲಮುಗಳ ಜೊತೆಗೆ ‘ಆರೋಪ ನಿಗದಿಯಾಗಿದೆಯೇ, ಆಗಿದ್ದರೆ ಎಂದು’ ಎಂಬ ಸಾಲಿದೆ. ನೋಡಬೇಕಾದದ್ದು ಆ ಸಾಲನ್ನು. ಬರಿದಾಗಿದ್ದರೆ ಪ್ರಕರಣ ಪೊಲೀಸರ ಮಾತಿನ ಹಂತದಲ್ಲೇ ಇದೆ, ಅದೇ ಚುನಾವಣೆಯ ಹೊತ್ತಿಗೆ ದಾಖಲಾದದ್ದಾಗಿದ್ದರೆ ಅನುಮಾನಕ್ಕೂ ಎಡೆಯಿದೆ. ದಿನಾಂಕವಿದ್ದರೆ ನ್ಯಾಯಾಧೀಶರೊಬ್ಬರು ಕಡತ ನೋಡಿ ವಿಚಾರಣೆಗೆ ಯೋಗ್ಯವೆಂದಿದ್ದಾರೆ. ಆ ದಿನಾಂಕ ಎರಡು ಚುನಾವಣೆಗಳ ಹಿಂದಿನದಾಗಿದ್ದರೆ ಇಷ್ಟು ವರ್ಷ ಆದದ್ದೇನೆಂದು ಮನೆಬಾಗಿಲಿಗೆ ಬಂದ ಅಭ್ಯರ್ಥಿಯನ್ನೂ, ಅವರನ್ನು ವಿರೋಧಿಸಿ ಬಂದ ಆಡಳಿತ ಪಕ್ಷದವರನ್ನೂ ಕೇಳಬಹುದು. ದೋಷಿಯೆಂದು ತೀರ್ಪಾದವರಿಗೆ ಬೇರೆಯೇ ಭಾಗವಿದೆ. ವಿಧಿಸಿದ ಶಿಕ್ಷೆ, ತೀರ್ಪಿನ ದಿನ, ಮೇಲ್ಮನವಿ ಸಲ್ಲಿಕೆಯಾಗಿದೆಯೇ, ಅದರ ಸ್ಥಿತಿ ಏನು ಎಂದು ಅಲ್ಲಿ ಬರೆಯಬೇಕು. ಸುಳ್ಳು ಹೇಳಿದರೆ ಅಥವಾ ಮರೆಮಾಚಿದರೆ ಆರು ತಿಂಗಳವರೆಗೆ ಜೈಲು. ಖಾಲಿ ಬಿಟ್ಟು, ತಿಳಿಸಿದರೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸುವ ಅಧಿಕಾರ 2013ರ ತೀರ್ಪಿನಿಂದ ಚುನಾವಣಾಧಿಕಾರಿಗಿದೆ.